ನಾಳೆಯ ಪೇಟೆಯಲ್ಲಿ ಅಕ್ಕ

ಆಫೀಸು, ಮಾದರಿ ಕೋಣೆ
ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರಬೇಡ. ರೋಗಿಗಳ ಕಣ್ಣಿಗೆ ಹನಿ ಹಾಕುವ ಕೆಲಸವನ್ನು ಒಂದು ಸ್ಟೂಲ್ ಎಳೆದುಕೊಂಡು ಕುಳಿತೂ ಮಾಡಬಹುದು, ಯಾರೂ ಸಂಬಳ ಕತ್ತರಿಸುವುದಿಲ್ಲ. ಬಟಾಣಿ ಹೇಗಿದ್ದಾಳೆ? ಇನ್ನೂ 'ರ' ಅನ್ನುವ ಕಡೆಯಲ್ಲೆಲ್ಲ 'ಲ' ಅನ್ನುತ್ತಾಳಾ? ದಯವಿಟ್ಟು ತಿದ್ದಬೇಡ, ಅದು ತಾನಾಗಿಯೇ ಹೋಗುತ್ತದೆ, ಹೋದ ಮೇಲೆ ನಾವೇ ಅದಕ್ಕಾಗಿ ಹಂಬಲಿಸುತ್ತೇವೆ. ಇದನ್ನೆಲ್ಲ ಇಷ್ಟು ಎಳೆದು ಕೇಳುತ್ತಿರುವುದು ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲವಾದ್ದರಿಂದ. ಕುಳಿತುಕೊಂಡು ಓದು. ಅವನು ನಿನ್ನನ್ನು ನೋಡಿಬಿಟ್ಟಿದ್ದಾನೆ. ನಿನ್ನ ಊರಿನಲ್ಲಲ್ಲ, ನಾನು ಮಾಡಿದ ಚಿತ್ರದಲ್ಲಿ.

ಈ ಪತ್ರ ತಂದುಕೊಟ್ಟವರು ನಮ್ಮ ಆಫೀಸಿನಲ್ಲಿ ರಟ್ಟು, ಮರದ ಚೂರುಗಳಿಂದ ಪುಟ್ಟಪುಟ್ಟ ಊರುಗಳನ್ನು ಕಟ್ಟುವವರು. ನಾವೆಲ್ಲ ರಟ್ಟಮ್ಮ ಅನ್ನುತ್ತೇವೆ, ಅವರೂ ಆ ಹೆಸರಿಗೇ ಓ ಅನ್ನುತ್ತಾರೆ. ಅವರ ಮಾತು ಒರಟು, ಮನಸ್ಸು ಒರಟಲ್ಲ. ಅವರಿಗೆ ಎಲ್ಲ ಹೇಳಿದ್ದೇನೆ, ನಂಬು. ಫೋನು ಮಾಡಬಾರದಿತ್ತೇ ಎಂದು ಬೈಯಬೇಡ. ಅವನ ಕಸುಬೇ ಫೋನು ರಿಪೇರಿ. ಹಿಂದೆ ನೀನು ಗೆಳತಿಯ ಮನೆಯಲ್ಲಿ ಅಡಗಿದ್ದಾಗ ನಾನು ಮಾಡಿದ ಒಂದು ಕರೆಯ ಜಾಡು ಹಿಡಿದೇ ಅವನು ಬಂದು ಅಲ್ಲಿ ಬಾಗಿಲು ತಟ್ಟಿದ್ದು. ಅಂದಿನಿಂದ ನಮಗೆ ಕಾಗದವೇ ಗತಿ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಇನ್ನೂ ಕಟ್ಟದ ಕಟ್ಟಡಗಳ ಫೋಟೋ ತೆಗೆಯುವವಳು ಎಂದು ನೀನು ನನ್ನನ್ನು ರೇಗಿಸುತ್ತಿದ್ದೆಯಲ್ಲ, ಈ ಸಲ ನನ್ನ ಕಂಪ್ಯೂಟರಿಗೆ ಬಂದದ್ದು ನಮ್ಮ ಹಳೇ ಪೇಟೆಯೇ. ಮುಚ್ಚಿದ ಟಾಕೀಸು, ತುಕ್ಕು ಹಿಡಿದ ಬಾಗಿಲಿನ ಗೋದಾಮುಗಳು, ನಡುವೆ ವಾಹನ ನಿಲ್ಲಿಸುವ ಆ ಧೂಳಿನ ಬಯಲು. ಇದಕ್ಕೆಲ್ಲ ಮತ್ತೆ ಜೀವ ಬಂದರೆ ಹೇಗೆ ಕಾಣುತ್ತದೆ ಎಂದು ಊರಿನವರಿಗೆ ತೋರಿಸಬೇಕಿತ್ತು. ನಕ್ಷೆ ಹರಡಿದರೆ ಜನ ಆಕಳಿಸುತ್ತಾರೆ, ಚಿತ್ರ ತೋರಿಸಿದರೆ ಜಗಳಕ್ಕೆ ಬರುತ್ತಾರೆ, ಜಗಳಕ್ಕೆ ಬಂದರೆಂದರೆ ಅರ್ಧ ಒಪ್ಪಿದರೆಂದೇ ಲೆಕ್ಕ ಎನ್ನುತ್ತಾರೆ ನಮ್ಮ ಆರ್ಕಿಟೆಕ್ಟ್ ಮೇಡಂ. ಬಯಲಿನಲ್ಲಿ ಮರ ನೆಟ್ಟೆ, ಬೆಂಚು ಹಾಕಿದೆ, ಟಾಕೀಸನ್ನು ಪುಸ್ತಕದ ಮನೆ ಮಾಡಿದೆ, ಎಲ್ಲದರ ಮೇಲೂ ಸಂಜೆಬಿಸಿಲು ಸುರಿದೆ. ಕೊನೆಗೆ ಜನರನ್ನು ಹಾಕಬೇಕು. ಅದಕ್ಕೆ ಕತ್ತರಿಸಿಟ್ಟ ಫೋಟೋಗಳಲ್ಲಿ ಸಿದ್ಧ ಜನ ಸಿಗುತ್ತಾರೆ: ನಾಯಿ ಹಿಡಿದವನು, ಬಲೂನಿನ ಮಗು, ಕಾಫಿ ಲೋಟ ಹಿಡಿದು ನಗುವವಳು. ಯಾವ ಊರಿನ ಚಿತ್ರ ತೆಗೆದರೂ ಅವರೇ ಓಡಾಡುತ್ತಿರುತ್ತಾರೆ, ಪಾಪ, ಅವರಿಗೆ ಮನೆಮಠ ಇಲ್ಲವೇನೋ.

ಎಲ್ಲರನ್ನೂ ಹಾಕಿ ಮುಗಿಸಿದೆ, ಟಾಕೀಸಿನ ಮೆಟ್ಟಿಲ ಮುಂದಿನ ಜಾಗ ಮಾತ್ರ ಖಾಲಿ ಉಳಿಯಿತು. ಆ ಜಾಗ ನಿನಗೆ ಹೇಳಿಕೊಡಬೇಕಿಲ್ಲ. ಅವನು ನಿನ್ನ ಜಡೆ ಹಿಡಿದು ಎಳೆದದ್ದು ಅಲ್ಲೇ. ನಾನು ಅಡ್ಡ ಬಂದದ್ದಕ್ಕೆ ನನ್ನನ್ನೂ ತಳ್ಳಿದ. ಪೇಟೆ ತುಂಬ ಜನ. ಒಬ್ಬ ಹಿರಿಯ ಮನುಷ್ಯ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಬಿಡಿಯಮ್ಮಾ" ಎಂದು ನನಗೇ ಬುದ್ಧಿ ಹೇಳಿ ದಾಟಿಹೋದ. ಆ ಜಾಗದಲ್ಲಿ ನೀನು ಒಮ್ಮೆ ನಗುತ್ತ ನಡೆಯಬೇಕು ಎನ್ನಿಸಿತು ಅಕ್ಕಾ. ನಿಜವಾಗಿ ಆಗದಿದ್ದರೆ ಚಿತ್ರದಲ್ಲಾದರೂ. ಕಳೆದ ಸಲ ಬಂದಾಗ ಆಸ್ಪತ್ರೆಯ ಬಾಗಿಲಲ್ಲಿ ತೆಗೆದ ಫೋಟೋ ಇತ್ತಲ್ಲ, ನೀನು ಕೂದಲು ಗಿಡ್ಡ ಮಾಡಿಸಿಕೊಂಡು, ಬಟಾಣಿಯ ಕೈ ಹಿಡಿದು, ನನ್ನ ಯಾವುದೋ ಹಾಳು ಜೋಕಿಗೆ ನಗುತ್ತಿದ್ದದ್ದು. ಅದರಿಂದ ನಿನ್ನೊಬ್ಬಳನ್ನೇ ಕತ್ತರಿಸಿ ತೆಗೆದು ಅಲ್ಲಿ ನಿಲ್ಲಿಸಿದೆ. ನಮ್ಮ ಚಿತ್ರದಲ್ಲಿ ಜನ ಹೆಬ್ಬೆರಳಿನಷ್ಟು ಎತ್ತರ ಇರುತ್ತಾರೆ, ಯಾರ ಮುಖ ಯಾರಿಗೆ ತಿಳಿಯಬೇಕು ಎಂದುಕೊಂಡೆ.

ಚಿತ್ರ ಒಪ್ಪಿಗೆಯಾಯಿತು. ಮೇಡಂಗೆ ಎಲ್ಲಕ್ಕಿಂತ ಹಿಡಿಸಿದ್ದು ನೀನು. "ಇವಳೊಬ್ಬಳೇ ಕಣೇ ನಿಜವಾಗಿ ನಗ್ತಿರೋದು" ಎಂದರು. ನಾನು ಹಿಗ್ಗಿದೆ, ನಾಚಿಕೆಯಿಲ್ಲದೆ ಹಿಗ್ಗಿದೆ. ಅವರು ನನಗೆ ಖುಷಿಯಾಗಲೆಂದು ಒಂದು ಮಾತೂ ಹೇಳದೆ ಆ ಭಾಗವನ್ನೇ ಹಿಗ್ಗಿಸಿ ಫ್ಲೆಕ್ಸ್ ಮಾಡಿಸಿ, ಪೇಟೆಯ ಸುತ್ತ ಹಾಕಿದ್ದ ತಗಡಿನ ಬೇಲಿಗೆ ಬಿಗಿಸಿದರು. ಸೋಮವಾರ ಬಸ್ಸಿನಿಂದ ಇಳಿದರೆ ಎದುರಿಗೆ ನೀನು, ಎರಡು ಮಹಡಿ ಎತ್ತರ. ಹತ್ತಿರ ಹೋಗಿ ನೋಡಿದೆ, ಆಮೇಲೆ ಇನ್ನೊಂದು ಕಂಡಿತು. ನಿನ್ನ ಅಂಗೈಯಲ್ಲಿ ಪುಟ್ಟ ಬೆರಳುಗಳು. ಮಣಿಕಟ್ಟಿಲ್ಲ, ತೋಳಿಲ್ಲ, ಮಗುವಿಲ್ಲ, ಬರೀ ಬೆರಳುಗಳು, ನಿನ್ನನ್ನು ಬಿಗಿಯಾಗಿ ಹಿಡಿದುಕೊಂಡಿವೆ. ಬಟಾಣಿಯನ್ನು ಅಳಿಸುವಾಗ ಅವು ನಿನ್ನ ಕೈಯೊಳಗೇ ಉಳಿದುಬಿಟ್ಟಿದ್ದವು. ಕಂಪ್ಯೂಟರಿನಲ್ಲಿ ಸಾಸಿವೆಯಷ್ಟೂ ಕಾಣದಿದ್ದದ್ದು ಅಲ್ಲಿ ಒಂದೊಂದೂ ಸೌತೆಕಾಯಿ ಗಾತ್ರ.

ನೀನು ಮನೆ ಬಿಟ್ಟಾಗ ಹೊಟ್ಟೆಯಲ್ಲಿದ್ದವಳನ್ನು ಅವನಿಂದಲೂ ಅಮ್ಮನಿಂದಲೂ ಇಷ್ಟು ವರ್ಷ ಮುಚ್ಚಿಟ್ಟಿದ್ದೆವು. ನಾನು ಅದನ್ನು ಊರ ನಡುವೆ ಬೇಲಿಗೆ ತೂಗುಹಾಕಿದೆ. ಬೈಯಿ ಅಕ್ಕಾ, ಬಾಯಿಗೆ ಬಂದಂತೆ ಬೈಯಿ. ಆದರೆ ಮೊದಲು ಇದನ್ನು ಓದಿ ಮುಗಿಸು.

ಬುಧವಾರ ಅವನು ಆಫೀಸಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಒಂದು ಕಾಲಕ್ಕೆ ನಾನು ಬಾಯ್ತುಂಬ ಭಾವ ಎನ್ನುತ್ತಿದ್ದ ಮನುಷ್ಯ ನನ್ನ ಮೇಜಿನ ತುದಿಗೆ ಕೈ ಊರಿ ನಿಂತು, "ನಿಮ್ಮಕ್ಕ ಚೆನ್ನಾಗ್ ಕಾಣ್ತಾಳೆ. ಕೂದಲು ಯಾಕ್ ಕತ್ತರಿಸ್ಕೊಂಡ್ಲು?" ಎಂದ. ಸುಳ್ಳು ಹೇಳಿದೆ: ಮುಖ ಹಳೇ ಫೋಟೋದ್ದು, ಕೂದಲು ನಾನು ಬರೆದದ್ದು, ಮೈ ಬೇರೆ ಯಾರದೋ, ನಮ್ಮ ಕೆಲಸದಲ್ಲಿ ಹೀಗೇ ಅಂಟಿಸುತ್ತೇವೆ ಎಂದು. ತಲೆದೂಗಿದ. ನಂಬಿದ ಎಂದುಕೊಂಡು ಉಸಿರು ಬಿಡುವಷ್ಟರಲ್ಲಿ, "ಕೈಲಿರೋ ಬೆರಳು ಯಾರ್ದು?" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಥಟ್ಟನೆ, "ಯಾವ ಮಗೂದೂ ಅಲ್ಲ" ಎಂದುಬಿಟ್ಟೆ. ಅವನು ನಕ್ಕ. "ನಾನು ಮಗು ಅಂದ್ನಾ?" ಎಂದಷ್ಟೇ ಕೇಳಿ, ಬರುವಾಗ ಸರಿಸಿದ್ದ ಕುರ್ಚಿಯನ್ನು ಜಾಗದಲ್ಲಿಟ್ಟು ಹೊರಟುಹೋದ.

ಠಾಣೆಗೆ ಹೋದೆ. ಬೆದರಿಸಿದನಾ ಎಂದು ಕೇಳಿದರು, ಇಲ್ಲ ಎಂದೆ. ಕೈ ಮಾಡಿದನಾ, ಇಲ್ಲ. ಮತ್ತೇನು ಮಾಡಿದ? ನಕ್ಕ. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಮೇಡಂಗೆ ಎಲ್ಲ ಬಿಡಿಸಿ ಹೇಳಿದೆ. ಬೈಯುತ್ತಾರೆಂದು ಹೆದರಿಯೇ ಸೋಮವಾರದಿಂದ ಬಾಯಿ ಬಿಟ್ಟಿರಲಿಲ್ಲ, ಅವರು ಆಗಲೇ ಫೋನು ಎತ್ತಿಕೊಂಡರು. ಇಡೀ ಫ್ಲೆಕ್ಸ್ ಇಳಿಸಲು ಏಣಿಯವರು ಶನಿವಾರದ ತನಕ ಸಿಗುವುದಿಲ್ಲವೆಂದಾಗ, ಫ್ಲೆಕ್ಸಿನವನನ್ನು ಹಿಡಿದು ತಂದು ನಿನ್ನಷ್ಟನ್ನು ಕತ್ತರಿಸಿ ತೆಗೆಸಿದರು. ಇವತ್ತು ಬೆಳಿಗ್ಗೆ ನೋಡಿಬಂದೆ. ಮರಗಳಿವೆ, ಬೆಂಚುಗಳಿವೆ, ನಡುವೆ ನಿನ್ನ ಆಕಾರದ ತೂತು, ಅದರಲ್ಲಿ ತಗಡು ಕಾಣುತ್ತದೆ. ಸುತ್ತಲಿನ ಸಿದ್ಧ ಜನ ಏನೂ ಆಗದವರಂತೆ ನಡೆದುಹೋಗುತ್ತಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಅಂಚೆಯಲ್ಲಿ ನಿಧಾನವಾಗಿ ಬರುತ್ತಿತ್ತು. ನಿಂತಿಲ್ಲ. ನಮ್ಮ ಚಿತ್ರಗಳಿಗೆ ಬಳಸುವ ಜನರ ಫೋಟೋಗಳೆಲ್ಲ ಎಲ್ಲರ ಕೈಗೂ ಸಿಗುವ ಒಂದೇ ಫೋಲ್ಡರಿನಲ್ಲಿರುತ್ತವೆ. ನಿನ್ನ ಫೋಟೋವನ್ನೂ ನಾನು ಅಲ್ಲೇ ಬಿಟ್ಟಿದ್ದೆ, ಇಡಿಯಾಗಿ. ನಿನ್ನೆ ನಾನು ಠಾಣೆಯಲ್ಲಿದ್ದಾಗ ಅವನು ಮತ್ತೆ ಬಂದು ಪಕ್ಕದ ಮೇಜಿನವಳ ಹತ್ತಿರ ಹೆಂಡತಿಯ ಫೋಟೋ ಕೇಳಿದನಂತೆ. ಅವಳು ಹೊಳೆಯುವ ಕಾಗದದಲ್ಲಿ ಅಚ್ಚು ತೆಗೆದು ಕವರಿನಲ್ಲಿ ಹಾಕಿ ಕೊಟ್ಟಿದ್ದಾಳೆ. "ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು ಕಣೇ" ಎಂದಳು ನನಗೆ. ಅವಳ ತಪ್ಪಿಲ್ಲ, ನಾನು ಅವಳಿಗೆ ಏನೂ ಹೇಳಿರಲಿಲ್ಲ. ಆ ಫೋಟೋದಲ್ಲಿ ಬಟಾಣಿ ತಲೆಯಿಂದ ಕಾಲಿನ ತನಕ ಇದ್ದಾಳೆ, ಅವನದೇ ಹಣೆ, ಅವನದೇ ಕಿವಿ. ಹಿಂದೆ ಆಸ್ಪತ್ರೆಯ ಬೋರ್ಡು ಅರ್ಧ ಕಾಣುತ್ತದೆ. ಊರಿನ ಹೆಸರು ಇಲ್ಲ, ಆದರೆ ಅರ್ಧ ಬೋರ್ಡು ಸಾಕು. ಇವತ್ತಲ್ಲ ನಾಳೆ ಯಾರನ್ನಾದರೂ ಕೇಳಿ ಹಿಡಿದೇ ಹಿಡಿಯುತ್ತಾನೆ.

ಅಮ್ಮನ ವಿಷಯವನ್ನೂ ಹೇಳಬೇಕು. ನೆರೆಮನೆಯವರ ಮಾತು ಕೇಳಿ ಅವಳೂ ಮಂಗಳವಾರವೇ ಹೋಗಿ ಕತ್ತು ನೋಯುವ ತನಕ ನಿನ್ನನ್ನು ನೋಡಿ ಬಂದಿದ್ದಳು. ಬಂದವಳೇ ನನ್ನ ಕೈ ಹಿಡಿದು, "ಯಾರ ಬೆರಳೇ ಅದು? ನನ್ನಾಣೆ, ಸುಳ್ಳು ಹೇಳ್ಬೇಡ" ಎಂದಳು. "ನಿನಗೊಬ್ಬಳು ಮೊಮ್ಮಗಳಿದ್ದಾಳೆ" ಎಂದೆ. ಊರು ಹೇಳಲಿಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನಿನ್ನೆ ಸಂಜೆ ಅವನು ಮನೆಗೂ ಬಂದು ಫೋಟೋ ತೋರಿಸಿ, "ಅತ್ತೆ, ಮಗು ಮುಖ ನಾವಿಬ್ರೂ ಒಟ್ಟಿಗೇ ಹೋಗಿ ನೋಡೋಣ" ಎಂದು ಹೇಳಿಹೋಗಿದ್ದಾನೆ. ಅಮ್ಮನಿಗೆ ಅವನೆಂಥವನೆಂದು ಗೊತ್ತು. ಗೊತ್ತಿದ್ದೂ ಫೋಟೋ ಎಷ್ಟು ಮುದ್ದಾಗಿತ್ತು ಎಂದು ರಾತ್ರಿಯೆಲ್ಲ ಹೇಳುತ್ತಿದ್ದಳು.

ಆದ್ದರಿಂದ ಈಗ ಮಾಡಬೇಕಾದ್ದು ಕೇಳು. ರಟ್ಟಮ್ಮನ ವ್ಯಾನು ಪೇಟೆಯ ರಟ್ಟಿನ ಮಾದರಿಯನ್ನು ಪ್ರದರ್ಶನಕ್ಕೆ ಒಯ್ಯುತ್ತಿದೆ, ನಿನ್ನ ಊರು ದಾಟಿ ಇನ್ನೂ ಬಹಳ ದೂರ ಹೋಗುತ್ತದೆ. ಪತ್ರ ಓದಿದ ತಕ್ಷಣ ಬಟಾಣಿಯನ್ನು ಎತ್ತಿಕೊಂಡು ಅದೇ ವ್ಯಾನು ಹತ್ತು. ಪಾತ್ರೆಪಗಡ ಕಟ್ಟಲು ಕೂರಬೇಡ, ಆಸ್ಪತ್ರೆಗೆ ಹೇಳಿಹೋಗಲೂ ನಿಲ್ಲಬೇಡ. ಮಾದರಿಯ ಮೇಲೆ ಮಾತ್ರ ಬಟಾಣಿಯನ್ನು ಕೂರಿಸಬೇಡ, ರಟ್ಟಮ್ಮ ಮನುಷ್ಯರಿಗಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುತ್ತಾರೆ. ಎಲ್ಲಾದರೂ ನೆಲೆಯಾದ ಮೇಲೆ ಅವರ ಕೈಯಲ್ಲಿ ವಿಳಾಸ ಕಳಿಸು. ಇಲ್ಲಿ ಎಲ್ಲ ತಣ್ಣಗಾದ ಮೇಲೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ನನಗೆ ತುಂಬ ಹೆದರಿಕೆಯಾಗುತ್ತಿದೆ ಅಕ್ಕಾ. ಚಿಕ್ಕಂದಿನಲ್ಲಿ ಹೆದರಿಕೆಯಾದಾಗ ನಿನ್ನ ಹೊದಿಕೆಯೊಳಗೆ ನುಸುಳುತ್ತಿದ್ದೆ, ಈಗ ನಿನ್ನನ್ನೇ ಹೆದರಿಸುತ್ತಿದ್ದೇನೆ.

ಬಟಾಣಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅವಳು ನೂರು ಕಾಲ ಚೆನ್ನಾಗಿ ಬಾಳಲಿ, ನಿನ್ನ ನಗು ಎಲ್ಲಿದ್ದರೂ ನಿನ್ನ ಹತ್ತಿರವೇ ಇರಲಿ. ಅಮ್ಮ ಆಶೀರ್ವಾದ ತಿಳಿಸಲು ಹೇಳಿಲ್ಲ, ನಾನು ಈ ಪತ್ರ ಬರೆಯುತ್ತಿರುವುದು ಅವಳಿಗೆ ತಿಳಿಯದು. ತಿಳಿದಿದ್ದರೆ ಹೇಳುತ್ತಿದ್ದಳು.

ನಿನ್ನ ತಂಗಿ,
ವಟವಟ

ತಾ.ಕ.: ಕವರು ಅಂಟಿಸುವ ಮೊದಲು ಕಿಟಕಿಯಿಂದ ನೋಡಿದೆ. ಅವನು ರಸ್ತೆಯಾಚೆ ಮರದ ಕೆಳಗೆ ನಿಂತಿದ್ದಾನೆ, ಕೈಯಲ್ಲಿ ಆ ಫೋಟೋದ ಕವರು. ಬೋರ್ಡು ಯಾವ ಊರಿನದೆಂದು ಅವನಿಗೆ ಇನ್ನೂ ತಿಳಿದಿಲ್ಲ, ನಾನು ಹೊರಡುವುದನ್ನು ಕಾಯುತ್ತಿದ್ದಾನೆ. ವ್ಯಾನು ಹಿಂದಿನ ಗೇಟಿನಿಂದ ಹೊರಡುತ್ತದೆ, ಅದು ಹೋಗಿ ಬಹಳ ಹೊತ್ತಾಗುವ ತನಕ ನಾನು ಕಿಟಕಿಯಲ್ಲಿ ಕಾಣುವ ಹಾಗೆ ಕೂತಿರುತ್ತೇನೆ. ಅಕ್ಕಾ, ಮೇಲೆ ಬರೆದ ಒಂದು ಮಾತನ್ನು ಹೊಡೆದುಹಾಕು. ವಿಳಾಸ ಕಳಿಸಬೇಡ. ರಟ್ಟಮ್ಮನಿಗೂ ಹೇಳದೆ ದಾರಿಯಲ್ಲಿ ಎಲ್ಲೋ ಇಳಿದುಕೋ. ಇವತ್ತು ಬೆಳಿಗ್ಗೆ ಅಮ್ಮ ತಲೆ ಬಾಚುತ್ತ, "ಊರ ಹೆಸರಾದ್ರೂ ಹೇಳೇ" ಎಂದಾಗ ನನ್ನ ಬಾಯಿಂದ ಮೊದಲ ಅಕ್ಷರ ಬಂದೇಬಿಟ್ಟಿತ್ತು. ಕಾಗದವೂ ಬೇಡ, ನಾನು ಹೇಗಿದ್ದೇನೆಂದು ಕೇಳುವುದೂ ಬೇಡ, ಎಷ್ಟೇ ವರ್ಷವಾಗಲಿ. ನೀನೆಲ್ಲಿದ್ದೀ ಎಂದು ಗೊತ್ತಾದರೆ ಒಂದಲ್ಲ ಒಂದು ದಿನ ನಿನ್ನನ್ನು ನೋಡಲು ನಾನು ಬಂದೇ ಬರುತ್ತೇನೆ, ನನ್ನ ಹಿಂದೆ ಅವನೂ ಬರುತ್ತಾನೆ.