ಎಡಗಿವಿಗೆ ಹೇಳಿದ ಮಾತು

ನವೆಂಬರ್ ೧೪, ಶನಿವಾರ
ಅಂಗಡಿಯಿಂದ, ಮಧ್ಯಾಹ್ನ

ಗುಬ್ಬಿಯ ಅಮ್ಮನಿಗೆ ವಂದನೆಗಳು.

ಮುಂಚೆಯಾಗಿದ್ದರೆ ಕಾಗದದ ನೆತ್ತಿಯ ಮೇಲೆ ‘ಕರ್ತನು ಬೇಗ ಬರುತ್ತಾನೆ’ ಎಂದು ಬರೆದು, ಅಡಿಗೆರೆ ಎಳೆದು, ಆಮೇಲೆ ನಿನ್ನ ಕ್ಷೇಮ ಕೇಳುತ್ತಿದ್ದೆ. ಈಗ ಹಾಗೆ ಬರೆಯುವುದಿಲ್ಲ. ನಂಬಿಕೆ ಹೋಯಿತೆಂದಲ್ಲ. ಆತ ಬರುತ್ತಾನೆ ಎಂದು ಈಗಲೂ ನಂಬಿದ್ದೇನೆ. ಆದರೆ ‘ಬೇಗ’ ಎಂಬ ಪದ ಬರೆಯಲು ಕೈ ಏಳುವುದಿಲ್ಲ. ಆ ಒಂದು ಪದ ನಮ್ಮ ಮನೆಗೆ ಏನು ಮಾಡಿತೆಂದು ನನಗಿಂತ ಚೆನ್ನಾಗಿ ಬಲ್ಲವಳು ನೀನು.

ವಿಳಾಸವನ್ನು ನಿನ್ನ ಅಣ್ಣನಿಂದ ಪಡೆದೆ. ಅವರ ಮೇಲೆ ಸಿಟ್ಟಾಗಬೇಡ. ಹನ್ನೆರಡು ವರ್ಷ ಕೊಡದೆ ಗಟ್ಟಿಯಾಗಿಯೇ ಇದ್ದರು. ಈ ಸಲ ಗುಬ್ಬಿ ಅಂಗಡಿಗೆ ಬಂದಿದ್ದಳೆಂದು ಹೇಳಿದೆ. ಅವರು ಬರೆದುಕೊಳ್ಳಲು ಹೇಳಿದರು.

ಹೌದು, ಅವಳು ಬಂದಿದ್ದಳು. ನಿನಗೆ ಹೇಳಿದ್ದಾಳೋ ಇಲ್ಲವೋ ಗೊತ್ತಿಲ್ಲ. ನೀನು ಕಳಿಸಿದ್ದಲ್ಲ ಎಂದು ಬಾಗಿಲಲ್ಲೇ ಹೇಳಿದಳು. ಅದನ್ನು ಬರೆಯುವ ಮೊದಲು ಹಳೆಯದನ್ನು ನಾನಾಗಿಯೇ ಒಮ್ಮೆ ಒಪ್ಪಿಕೊಳ್ಳಬೇಕು. ನಿನಗೆ ತಿಳಿಯದ್ದು ಹೆಚ್ಚೇನಿಲ್ಲ. ಆದರೆ ನನ್ನ ಬಾಯಿಂದ ನೀನು ಯಾವತ್ತೂ ಕೇಳಿಲ್ಲ.

ಆ ವರ್ಷ ಬೋಧಕರು ಕರ್ತನು ಬರುವ ದಿನ ಗೊತ್ತುಮಾಡಿದಾಗ ಸಭೆಯಲ್ಲಿ ನನ್ನಷ್ಟು ಹಿಗ್ಗಿದವರು ಇನ್ನೊಬ್ಬರಿಲ್ಲ. ಆಗಸ್ಟ್ ಹದಿನೇಳು, ಭಾನುವಾರ. ಎಲ್ಲರೂ ಬಿಳಿಯ ನಿಲುವಂಗಿ ತೊಟ್ಟು ಕಾಯಬೇಕು, ಹೊಲಿಯುವುದು ನಮ್ಮ ದರ್ಜಿಯಣ್ಣ ಎಂದು ಅವರು ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈ ಇಟ್ಟರು. ಪ್ಯಾಂಟಿಗೆ ಜಿಪ್ಪು ಹಾಕಿ, ಹರಿದ ಕಿಸೆಗೆ ತೇಪೆ ಹಚ್ಚಿ ಜೀವ ಸವೆಸಿದವನಿಗೆ ಅದು ಎಂಥ ಪಟ್ಟ, ಹೇಳು. ಎಪ್ಪತ್ತೆರಡು ನಿಲುವಂಗಿಗಳು. ನೀನು ದಾರದ ಗಿರಣಿಯಿಂದ ಪಾಳಿ ಮುಗಿಸಿ ಬಂದರೆ ನಡೆಯಲು ಜಾಗವಿರಲಿಲ್ಲ. ಮಂಚ, ಕುರ್ಚಿ, ಬಾಗಿಲ ಕದ, ಎಲ್ಲ ಕಡೆ ಬಿಳಿ ಬಟ್ಟೆ. ಗುಬ್ಬಿ ಕತ್ತರಿಸುವ ಮೇಜಿನ ಕೆಳಗೆ, ಚೂರು ಬಟ್ಟೆಯ ರಾಶಿಯಲ್ಲಿ ಕಿವಿ ಒತ್ತಿ ಮಲಗುತ್ತಿದ್ದಳು. ದಿಂಬಿಗಿಂತ ಅದು ಮೆತ್ತಗಿದೆ ಎನ್ನುತ್ತಿದ್ದಳು. ಕಿವಿಯಿಂದ ಸೋರಿದ್ದು ಚೂರುಗಳಿಗೆ ಅಂಟುತ್ತಿತ್ತು. ನಾನು ಅವನ್ನು ತೆಗೆದು ಬೇರೆ ಚೂರು ಹಾಕುತ್ತಿದ್ದೆ. ಅಷ್ಟೇ ಮಾಡುತ್ತಿದ್ದೆ.

ಜುಲೈ ಕೊನೆಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ, ನಿನಗೆ ಬೆಳಗಿನ ಪಾಳಿಯಿತ್ತು. ಕಿವಿಯ ಹಿಂದಿನ ಮೂಳೆಗೆ ಕೀವು ಇಳಿದಿದೆ, ಹದಿನೈದು ದಿನದೊಳಗೆ ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ನಾನು ಅವರಿಗೆ ಏನು ಹೇಳಿದೆ ಗೊತ್ತೇ? “ಹದಿನೇಳರ ಮೇಲೆ ಅದರ ಅಗತ್ಯ ಬೀಳಲ್ಲ ಡಾಕ್ಟ್ರೇ” ಎಂದೆ. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಚೀಟಿ ಬರೆದು ಕೈಗಿಟ್ಟರು. ಮನೆಗೆ ಬಂದು ನಿನ್ನ ಹತ್ತಿರ ‘ನೋಡೋಣ ಅಂದರು’ ಎಂದೆ. ಅದೊಂದು ಸುಳ್ಳು. ಆಮೇಲೆ ಆ ಡಾಕ್ಟರೇ ನಿನಗೆ ತಿಳಿಸಿದರೆಂದು ಗೊತ್ತು. ಹೇಳಬೇಕಾದವನು ನಾನಾಗಿದ್ದೆ.

ನೀನು ಜಗಳವಾಡಿದೆ. ಆ ದಿನ ಬರಲಿ ಬಿಡಿ, ಅಲ್ಲಿಯವರೆಗೆ ಮಗು ಯಾಕೆ ನೋವು ತಿನ್ನಬೇಕು ಎಂದು ಕೇಳಿದೆ. ಒಂದು ಸಂಜೆ ನೀನು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಆ ಹೊತ್ತಿಗೆ ನಾವು ಆಸ್ಪತ್ರೇಲಿದ್ರೆ ಅವನಿಗೆ ನಮ್ಮ ವಿಳಾಸ ಸಿಗಲ್ವಾ?” ಎಂದೆ. ನಾನು ದನಿ ಏರಿಸಿದೆ.

ಗುಬ್ಬಿಯ ನಿಲುವಂಗಿಯನ್ನು ನೀನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದು ನೆನಪಿದೆಯೇ? ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಎರಡು ಬೆರಳಷ್ಟು ಬಟ್ಟೆ ಒಳಗೆ ಮಡಿಸಿ ಬಿಡುವುದು ದರ್ಜಿಯ ಮೊದಲ ಪಾಠ. ಮಗು ಬೆಳೆದರೆ ಬಿಚ್ಚಿ ಉದ್ದ ಮಾಡಬಹುದು. ಆ ಅಂಗಿಗೆ ನಾನು ಒಂದು ಎಳೆಯನ್ನೂ ಬಿಟ್ಟಿರಲಿಲ್ಲ. ನೀನು ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. ಅಂದಿನಿಂದ ನನಗೆ ಹೆದರಲು ಶುರು ಮಾಡಿದೆ ನೀನು. ನನಗೆ ತಿಳಿಯಿತು, ತಿಳಿಯದವನ ಹಾಗಿದ್ದೆ.

ಹದಿನೇಳರ ಬೆಳಿಗ್ಗೆ ಸಭಾಂಗಣದಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ಎಲ್ಲರೂ ನಿಂತೆವು. ಹನ್ನೊಂದಕ್ಕೆ ಮಕ್ಕಳು ಕೂತರು. ಹನ್ನೆರಡಕ್ಕೆ ಮುದುಕರು ಕೂತರು. ಗುಬ್ಬಿಗೆ ಜ್ವರ ಏರಿ, ತಲೆ ಒಂದು ಕಡೆಗೆ ವಾಲಿ, ಮೇಲಿನ ಸೂರು ತಿರುಗುತ್ತಿದೆ ಎಂದು ಅತ್ತಳು. ನೀನು ಅವಳನ್ನು ಎತ್ತಿಕೊಂಡು, ಆ ಬಿಳಿಯ ಅಂಗಿಯಲ್ಲೇ, ಎಲ್ಲರ ನಡುವೆ ಹಾದು ಹೊರಟೆ. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದೆ. ನಾನು ಕಣ್ಣು ಮುಚ್ಚಿಕೊಂಡೆ. ಪ್ರಾರ್ಥನೆಯಲ್ಲಿದ್ದಾನೆ ಎಂದು ಜನ ತಿಳಿದರು. ನೀನು ಹಾಗೆ ತಿಳಿದಿರಲಾರೆ.

ಸಂಜೆ ನಾಲ್ಕಕ್ಕೆ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು. ಆಸ್ಪತ್ರೆಯಲ್ಲಿ ಮಗುವಿನ ಜೀವ ಉಳಿಯಿತು, ಎಡಗಿವಿ ಉಳಿಯಲಿಲ್ಲ. ಐದು ದಿನ ಮುಂಚೆ ತಂದಿದ್ದರೆ ಎಂದರಂತೆ ಡಾಕ್ಟರು. ನೀನು ಆಸ್ಪತ್ರೆಯಿಂದ ಅಣ್ಣನ ಮನೆಗೆ ಹೋದೆ, ಮತ್ತೆ ಬರಲಿಲ್ಲ. ನಾನೂ ಕರೆಯಲು ಬರಲಿಲ್ಲ. ಯಾವ ಮುಖ ಹೊತ್ತು ಬರಲಿ? ಬೋಧಕರು ನನಗೆ ಮೋಸ ಮಾಡಿದರು ಎಂದು ಹೇಳಿಕೊಂಡೇ ಇಷ್ಟು ವರ್ಷ ಕಳೆದೆ.

ಈಗ ನನ್ನ ಜೊತೆ ಕೆಲಸಕ್ಕೆ ಒಬ್ಬ ವಯಸ್ಸಾದ ಹೆಂಗಸಿದ್ದಾಳೆ. ಗುಂಡಿಗೆ ಕಾಜ ಹಾಕುವುದರಲ್ಲಿ ಎತ್ತಿದ ಕೈ, ಎಲ್ಲರೂ ಕಾಜದಕ್ಕ ಎನ್ನುತ್ತಾರೆ. ಅವಳೂ ಸಭೆಗೆ ಬರುವವಳೇ, ಬೇರೆ ಸಭೆ. ನನ್ನ ಕಥೆ ಕೇಳಿದ ದಿನ ಹಲ್ಲಿನಿಂದ ದಾರ ಕಡಿಯುತ್ತ ಹೇಳಿದಳು: “ದರ್ಜಿ ಹೇಳಿದ ದಿನಕ್ಕೆ ಬಟ್ಟೆ ಸಿಕ್ಕಿದ್ದು ಲೋಕದಲ್ಲೇ ಇಲ್ಲ. ಅಂಥವನು ಹೋಗಿ ದೇವ್ರಿಗೆ ದಿನ ಗೊತ್ತು ಮಾಡಿದ್ಯಲ್ಲಪ್ಪ.” ನಾನು ನಕ್ಕೆ. ನಕ್ಕ ಮೇಲೆ ಬಹಳ ಹೊತ್ತು ಹೊಲಿಯಲು ಆಗಲಿಲ್ಲ. ಸಿದ್ಧವಾಗಿರುವುದು ಎಂದರೇನು ಎಂದು ಇನ್ನೊಂದು ದಿನ ಅವಳನ್ನೇ ಕೇಳಿದೆ. ಅವಳಿಗೂ ಗೊತ್ತಿಲ್ಲವಂತೆ. ಬೆಳಿಗ್ಗೆ ಎದ್ದಾಗ ಯಾರ ಮುಖ ನೋಡಲು ನಾಚಿಕೆಯಾಗುತ್ತದೋ, ಸಂಜೆಯೊಳಗೆ ಅವರ ಮನೆಗೆ ಹೋಗಿ ಬರುತ್ತಾಳಂತೆ. ಉಳಿದದ್ದನ್ನು ಬರುವವನು ನೋಡಿಕೊಳ್ಳಲಿ ಎಂದಳು. ನನ್ನ ನಾಚಿಕೆಯ ಮನೆ ಒಂದೇ, ಅದರ ವಿಳಾಸವೇ ನನ್ನ ಬಳಿ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೋಗುವ ಧೈರ್ಯ ಇರಲಿಲ್ಲ ಎನ್ನುವುದು ಸರಿ.

ಹೀಗಿರುವಾಗ ಆಗಸ್ಟ್ ಕೊನೆಯ ಶನಿವಾರ, ಹಗಲು ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗಿ ಬೂದು ಬಣ್ಣದ ಕೋಟು ಹಿಡಿದು ಬಂದಳು. ತೋಳು ಉದ್ದವಾಗಿದೆ, ಚಿಕ್ಕದು ಮಾಡಬೇಕು ಎಂದಳು. ನಾನು ತಲೆ ಎತ್ತದೆ ಕೂರಲು ಹೇಳಿದೆ. ಅವಳು ಕೂದಲು ಮೇಲೆ ಕಟ್ಟಿದ್ದಳು. ಕಿವಿಯ ಹಿಂದೆ ಚಂದ್ರನ ತುಂಡಿನಂಥ ಗಾಯದ ಗುರುತು ಕಂಡಿತು. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ, ತೆಗೆಯಲು ಮರೆತೆ.

ಅವಳೇ ಮಾತಾಡಿದಳು. ನೀರು ಪರೀಕ್ಷಿಸುವ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ಇದು ಅಲ್ಲಿಯ ಕೋಟು ಎಂದಳು. “ನಾನ್ಯಾರು ಅಂತ ಗೊತ್ತಾಯ್ತು ಅಲ್ವಾ?” ಎಂದಳು. ಹೂಂ ಎಂದೆ. ಅಪ್ಪ ಎನ್ನಲಿಲ್ಲ, ನೀವು ಎಂದಳು. ನ್ಯಾಯವೇ.

ಹನ್ನೆರಡು ವರ್ಷ ಈ ಗಳಿಗೆಗೆಂದು ಮಾತು ಕೂಡಿಸಿಟ್ಟಿದ್ದೆ. ಇಸ್ತ್ರಿ ಮಾಡುವಾಗ, ಸಭೆಯಿಂದ ನಡೆದು ಬರುವಾಗ, ಮಗಳ ಮುಂದೆ ನಿಂತರೆ ಹೀಗೆ ಹೇಳಬೇಕು, ಅವಳು ಹಾಗೆಂದರೆ ಹೀಗೆನ್ನಬೇಕು ಎಂದು ಬಾಯಿಪಾಠ ಮಾಡಿದ್ದೆ. ಅವಳು ಬಂದದ್ದು ಮಾತ್ರ ನಾನು ಇನ್ನೊಬ್ಬರ ಪ್ಯಾಂಟಿನ ಸೊಂಟ ಬಿಚ್ಚುತ್ತ ಕೂತ ಹೊತ್ತಿನಲ್ಲಿ. ಕೋಟು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ತೋಳಿಗೆ ಪಿನ್ನು ಚುಚ್ಚಲು ಬಗ್ಗಿದೆ. ಕಾಜದಕ್ಕ ಪಕ್ಕದಲ್ಲೇ ಇದ್ದಳು. ಅವಳಿಗೆ ಕೇಳಿಸದಿರಲಿ ಎಂದು ಮಗಳ ಕಿವಿಯ ಹತ್ತಿರ ಮೆಲ್ಲಗೆ ಎಲ್ಲ ಹೇಳಿದೆ. ಡಾಕ್ಟರು ಬೇಗ ಮಾಡಿ ಎಂದಿದ್ದರು, ನಾನೇ ಬೇಡವೆಂದೆ, ಅಮ್ಮನಿಗೂ ಸುಳ್ಳು ಹೇಳಿದೆ, ತಪ್ಪು ನನ್ನದೊಬ್ಬನದೇ, ಕ್ಷಮಿಸು ಮಗಳೇ ಎಂದೆ.

ಅವಳು ಕನ್ನಡಿಯಲ್ಲಿ ತೋಳನ್ನೇ ನೋಡುತ್ತಿದ್ದಳು. “ಇನ್ನೊಂದು ಅರ್ಧ ಇಂಚು ಮೇಲೆ ತಗೊಳ್ಳಿ” ಎಂದಳು.

ಇದೇ ಅವಳ ಉತ್ತರ ಎಂದುಕೊಂಡೆ. ಕಲ್ಲಾಗಿದ್ದಾಳೆ, ಆಗಬೇಕಾದದ್ದೇ ಎಂದುಕೊಂಡೆ. ಅರ್ಧ ಇಂಚು ಮೇಲೆ ಪಿನ್ನು ಚುಚ್ಚಿದೆ. ಆಗ ಕನ್ನಡಿಯಲ್ಲಿ ನನ್ನ ತುಟಿ ಅಲುಗುವುದು ಕಂಡಿತೋ ಏನೋ, ಅವಳು ಪೂರ್ತಿ ತಿರುಗಿ, ಬಲಗಿವಿ ನನ್ನ ಕಡೆ ಮಾಡಿ ಕೇಳಿದಳು: “ಏನಾದ್ರೂ ಅಂದ್ರಾ? ಆ ಕಡೆ ನಂಗೆ ಕೇಳಲ್ಲ.”

ನಾನು ನಿಂತದ್ದು ಅವಳ ಎಡಕ್ಕೆ. ಆ ಕಿವಿಯನ್ನು ಹಾಳು ಮಾಡಿದವನು ನಾನು, ಯಾವ ಕಿವಿ ಎಂಬುದನ್ನೇ ಮರೆತಿದ್ದೆ.

“ಏನಿಲ್ಲ, ಗುರುವಾರ ಆಗುತ್ತೆ ಅಂದೆ” ಎಂದೆ. ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಬೇಡ, ನನಗೇ ಗೊತ್ತಿಲ್ಲ.

ಮತ್ತೆ ಬರುತ್ತೇನೆ ಎಂದಳು, ಗುರುವಾರ ಎನ್ನಲಿಲ್ಲ. ಮೆಟ್ಟಿಲಿಳಿಯುವ ಮುನ್ನ ನಿಂತು, “ಈಗ್ಲೂ ಕಾಯ್ತೀರಾ?” ಎಂದು ಕೇಳಿದಳು. ಹೂಂ ಎಂದೆ. ಯಾರನ್ನು ಎಂದು ಅವಳು ಕೇಳಿದಳೋ ತಿಳಿಯಲಿಲ್ಲ. ಯಾರನ್ನು ಎಂದು ನಾನು ಹೂಂಗುಟ್ಟಿದೆನೋ ಅದೂ ತಿಳಿಯದು. ಅವಳು ಹೋದ ಮೇಲೆ ಕಾಜದಕ್ಕ ಕಾಜದಿಂದ ಕಣ್ಣೆತ್ತದೆ, “ಬಂದ ಕೂಡ್ಲೆ ತಲೆ ವಾಲಿಸಿದ್ಳು, ಒಂದು ಕಿವಿ ಕೇಳಲ್ಲ ಅಂತ ನಂಗೇ ಗೊತ್ತಾಯ್ತು. ನಿಂಗೆ ಗೊತ್ತಾಗ್ಲಿಲ್ವಾ?” ಎಂದಳು.

ಹನ್ನೊಂದು ವಾರವಾಯಿತು. ಕೋಟು ಮಾರನೇ ದಿನವೇ ಸಿದ್ಧವಾಗಿತ್ತು. ಅವಳು ಬಂದಿಲ್ಲ. ಊಟಕ್ಕೆ ಬಾಗಿಲು ಹಾಕುವುದನ್ನು ಬಿಟ್ಟಿದ್ದೇನೆ, ಡಬ್ಬಿ ತಂದು ಮಿಷನ್ನಿನ ಹಿಂದೆಯೇ ಉಣ್ಣುತ್ತೇನೆ. ಕನ್ನಡಿಯನ್ನು ಎದುರು ಗೋಡೆಗೆ ಬದಲಿಸಿದೆ. ಅಲ್ಲಿ ನಿಂತವರ ಬಲಗಿವಿ ನನ್ನ ಕಡೆ ಇರುತ್ತದೆ. ಬಾಯಿಪಾಠ ಬಿಟ್ಟಿದ್ದೇನೆ. ಬಂದರೆ ನಾಲ್ಕೇ ಮಾತು, ಗಟ್ಟಿಯಾಗಿ, ಯಾರಿಗೆ ಕೇಳಿಸಿದರೂ ಸರಿ.

ಅವಳನ್ನು ಹೋಗು ಎಂದು ಕಳಿಸಬೇಡ. ನನ್ನ ಪರವಾಗಿ ಏನೂ ಹೇಳಲೂ ಬೇಡ. ಬರುವುದಾದರೆ ಅವಳಿಗೆ ತೋಚಿದ ದಿನ ಬರಲಿ. ಬರದಿದ್ದರೆ ನಾನು ಹೀಗೆಯೇ ಇರುತ್ತೇನೆ.

ನಿನ್ನ ಬೆನ್ನುನೋವು ಹೇಗಿದೆಯೆಂದು ಕೇಳುವ ಹಕ್ಕು ಉಳಿಸಿಕೊಂಡಿಲ್ಲ. ಆದರೂ ಕೇಳಿದ್ದೇನೆ.

ಇಂತಿ,
ಗುಬ್ಬಿಯ ಅಪ್ಪ ಎಂದು ಹೇಳಿಕೊಳ್ಳಲಾರದ
ದರ್ಜಿ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಬೋಧಕರು ಮೋಸ ಮಾಡಿದರು ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ಆ ಭಾನುವಾರಕ್ಕೆ ಒಂಬತ್ತು ದಿನ ಮುಂಚೆ ಅವರು ಒಬ್ಬರೇ ಮನೆಗೆ ಬಂದಿದ್ದರು. ನೀನು ಗಿರಣಿಯಲ್ಲಿದ್ದೆ. ತಮಗೊಂದು ಉಣ್ಣೆಯ ಕೋಟಿಗೆ ಅಳತೆ ತೆಗೆದುಕೊಳ್ಳಲು ಹೇಳಿದರು. ಚಳಿ ಶುರುವಾಗುವ ಹೊತ್ತಿಗೆ ಸಿಕ್ಕರೆ ಸಾಕು, ಅವಸರವಿಲ್ಲ ಎಂದರು. ಎದೆಗೆ ಟೇಪು ಸುತ್ತುವಾಗ ಇಬ್ಬರ ಮುಖ ಹತ್ತಿರ ಬಂತು. ಅವರು ನನ್ನನ್ನು ನೋಡಿದರು. ನಾನು ಅಳತೆ ಬರೆದುಕೊಂಡೆ. ಆ ದಿನ ಕರ್ತನು ಬರುವುದಿಲ್ಲವೆಂದು ನನಗೆ ಆವತ್ತೇ ಗೊತ್ತಾಯಿತು. ಆಸ್ಪತ್ರೆಯ ಚೀಟಿ ಜೇಬಿನಲ್ಲೇ ಇತ್ತು, ಡಾಕ್ಟರು ಕೊಟ್ಟ ಗಡುವಿನಲ್ಲಿ ಇನ್ನೂ ನಾಲ್ಕು ದಿನ ಉಳಿದಿತ್ತು. ಎಪ್ಪತ್ತೊಂದು ನಿಲುವಂಗಿ ಹೊಲಿದಾಗಿತ್ತು, ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಉಣ್ಣೆ ಬಟ್ಟೆಯನ್ನು ಮಡಿಸಿ ಕಪಾಟಿನ ಮೇಲಿಟ್ಟು, ಗುಬ್ಬಿಯ ಅಂಗಿಗೆ ಗುಂಡಿ ಹಚ್ಚಲು ಕೂತೆ.