ಸೀಗಿ ಹುಣ್ಣಿಮೆಯಂದು ಯಂತ್ರ ತಡೆದವರು

ಚಿರಂಜೀವಿ ಶೈಲಾಳಿಗೆ ತುಕ್ಕಾನಟ್ಟಿಯಿಂದ ಅಪ್ಪನ ಆಶೀರ್ವಾದಗಳು.

ಮೊದಲು ಒಂದು ತಿದ್ದುಪಡಿ. ತೈಲ ಕೊಳವೆ ಕಂಪನಿಯ ಪರವಾಗಿ ನೀನು ಸಹಿ ಮಾಡಿ ಠಾಣೆಗೆ ಕಳಿಸಿದ ದೂರಿನಲ್ಲಿ, ಸೀಗಿ ಹುಣ್ಣಿಮೆಯಂದು ‘ಸತ್ಯಪ್ಪ ಎಂಬವರು ಗುಂಪು ಕಟ್ಟಿಕೊಂಡು, ಕುಡುಗೋಲು ತೋರಿಸಿ, ಮಣ್ಣು ಪರೀಕ್ಷೆಯ ಯಂತ್ರವನ್ನು ತಡೆದರು’ ಎಂದಿದೆ. ವಾಕ್ಯ ನಿರ್ದುಷ್ಟವಾಗಿದೆ, ಸಂಗತಿ ಹಾಗಿಲ್ಲ. ನೀನು ಸ್ಥಳದಲ್ಲಿರಲಿಲ್ಲ. ಮೇಲ್ವಿಚಾರಕ ಹೇಳಿದ್ದನ್ನು ನಂಬಿ ಬರೆದೆ. ನಾನು ಅಲ್ಲಿದ್ದೆ.

ಗುಂಪು ಎಂದರೆ ಉದ್ದವ್ವ, ಅವಳ ಮಗ ಸತ್ಯಪ್ಪ, ಸೊಸೆ ಸುಮನ ಮತ್ತು ಬದುವಿನಾಚೆಯ ಹೊಲದವನಾದ ನಾನು. ಉದ್ದವ್ವನ ಹೊಲದಲ್ಲಿ ಚರಗ ಚೆಲ್ಲಲು ಸೇರಿದ್ದೆವು. ನಿನಗೆ ಗೊತ್ತಿರುವುದೇ: ಆ ದಿನ ಪೈರು ಹೊತ್ತ ಭೂಮಿತಾಯಿ ಬಸುರಿ. ಬಯಕೆಯ ಅಡುಗೆಯನ್ನು ಹೊಲದ ತುಂಬ ಚೆಲ್ಲಿ ಅವಳಿಗೆ ಉಣಿಸುತ್ತೇವೆ, ಮಣ್ಣಿಗೆ ಕಬ್ಬಿಣ ತಾಗಿಸುವುದಿಲ್ಲ. ಉದ್ದವ್ವನ ಮನೆಯವರಂತೂ ಅಂದು ಹೊಲಕ್ಕೆ ಕುಡುಗೋಲನ್ನೇ ಒಯ್ಯುವುದಿಲ್ಲ. ಇಲ್ಲದ ಕುಡುಗೋಲನ್ನು ಸತ್ಯಪ್ಪ ತೋರಿಸಿದ್ದಾದರೂ ಹೇಗೆ?

ನಿಮ್ಮವರು ವರ್ಷದ ಬೇರೆ ಯಾವ ದಿನವನ್ನೂ ಆರಿಸಿಕೊಳ್ಳದೆ ಅಂದೇ ಭೂಮಿ ಕೊರೆಯುವ ಯಂತ್ರ ತಂದು ನಿಲ್ಲಿಸಿದರು. ಉದ್ದವ್ವ ಸಿಟ್ಟಾಗಲಿಲ್ಲ. “ಬಸರಿ ಹೊಟ್ಟಿಗೆ ಬೈರಿಗಿ ಹಾಕ್ತೀರೇನ್ರಿ ಸಾಹೇಬ್ರ? ನಿಮ್ಮವ್ವ ನಿಮಗ ಇಷ್ಟೂ ಹೇಳಿಕೊಟ್ಟಿಲ್ಲೇನು? ಬರ್ರಿ, ಮೊದಲ ಉಣ್ಣರಿ” ಎಂದಳು. ಚರಗದ ದಿನ ಹೊಲಕ್ಕೆ ಬಂದವರನ್ನು ಉಪವಾಸ ಕಳಿಸುವಂತಿಲ್ಲ. ಮೇಲ್ವಿಚಾರಕ ಕಡಬನ್ನು ಕೇಳಿ ಕೇಳಿ ಹಾಕಿಸಿಕೊಂಡ. “ಸಾಹೇಬ್ರ ಹೊಟ್ಟಿನೂ ಈಗ ನಮ್ಮ ಭೂಮಿತಾಯಿ ಹಂಗ ಆತು ನೋಡ್ರಿ” ಎಂದು ಸುಮನ ನಗಿಸಿದಳು. ಕೈ ತೊಳೆದುಕೊಂಡವನೇ ಆತ ಯಂತ್ರ ಚಾಲೂ ಮಾಡಿಸಿದ.

ಆಗ ಅದರ ಬುಡದಲ್ಲಿ ಟವಲು ಹಾಸಿ ಕುಳಿತವನು ಸತ್ಯಪ್ಪನಲ್ಲ, ನಾನು. “ಏಳ್ರಿ ಗುರುಗಳ, ನಮ್ಮ ಪಗಾರಕ್ಕ ಕಲ್ಲ ಹಾಕಬ್ಯಾಡ್ರಿ. ಮೇಡಮ್ಮಾರ ತಂದಿ ಅಂತ ಸುಮ್ಮನ ಅದೇವಿ” ಎಂದು ಮೇಲ್ವಿಚಾರಕ ಅಂಗಲಾಚಿದ. “ನಾಳೆ ಬರ್ರಿ, ಇವತ್ತ ಆಗೂದಿಲ್ಲ” ಎಂದೆ. ಹೊರಟುಹೋದರು. ಮೇಡಮ್ಮನ ತಂದೆಯ ಹೆಸರು ಬರೆಸಲು ಅವನಿಗೆ ಧೈರ್ಯ ಸಾಲಲಿಲ್ಲ. ಸತ್ಯಪ್ಪನ ಹೆಸರಿಗೆ ಅಂಥ ಅಂಜಿಕೆ ಬೇಕಾಗಲಿಲ್ಲ. ಅವನೀಗ ಸಾರಿಗೆ ಬಸ್ಸಿನ ಚಾಲಕನಾಗಿ ಆಯ್ಕೆಯಾಗಿದ್ದಾನೆ. ಪ್ರಕರಣ ದಾಖಲಾದರೆ ಆ ಹುದ್ದೆ ಕೈತಪ್ಪುತ್ತದೆ.

ಕೊಳವೆಯ ವಿಷಯ ಬೇರೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹತ್ತರಗಿಯ ಕಡೆಯಿಂದ ಬರುವ ಕೊಳವೆ ಈ ಮಣ್ಣಿನಲ್ಲಿ ಎಷ್ಟು ವರ್ಷ ಅಲುಗದೆ ಮಲಗೀತು? ಒಮ್ಮೆ ಸೋರಿದರೆ, ಕೇರಿಯೆಲ್ಲ ಕುಡಿಯುವ ಉದ್ದವ್ವನ ಬಾವಿಗೆ ಆ ಬಿರುಕುಗಳೇ ದಾರಿ. ಧುಪದಾಳದ ಸಭೆಯಲ್ಲಿ ಸತ್ಯಪ್ಪ ಕೇಳಿದ್ದೂ ಇಷ್ಟನ್ನೇ: “ಎಣ್ಣಿ ಇಲ್ಲದ ನಾಕ ದಿನ ನಡಕೊಂತ ಹೋಗಬಹುದ್ರಿ. ನೀರ ಕೆಟ್ಟರ ಎಲ್ಲಿಗೆ ಹೋಗೂನು?” ಇಪ್ಪತ್ತೇಳರಂದು ಗೋಕಾಕದ ಸಾರ್ವಜನಿಕ ಸಭೆಯಲ್ಲಿ ನಾನೂ ಅದನ್ನೇ ಕೇಳುವವನಿದ್ದೇನೆ. ನೀನು ಕಂಪನಿಯ ಕಡೆ ಕುಳಿತಿರುತ್ತೀ. ಅದರಿಂದ ನನಗೆ ಬೇಸರವಿಲ್ಲ. ನಿನಗೆ ತಿಳಿದ ಉತ್ತರವನ್ನು ನೀನು ಕೊಡು.

ದೂರನ್ನು ಮಾತ್ರ ತಿದ್ದು. ಸತ್ಯಪ್ಪನ ಹೆಸರಿರುವಲ್ಲಿ ನನ್ನ ಹೆಸರನ್ನು ಬರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ಮುರಿಗೆಪ್ಪ

ತಾ.ಕ.: ಇದನ್ನು ಮೂಡಲಗಿ ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದಿದ್ದೇನೆ. ಯಂತ್ರ ತಡೆದವನು ನಾನೆಂದು ಹೇಳಿಕೆ ಕೊಟ್ಟಾಗಿದೆ. ಬರೆದುಕೊಳ್ಳುತ್ತಿದ್ದ ಪೇದೆ ಬೀರಸಿದ್ದಪ್ಪ, ನನ್ನ ಹಳೆಯ ವಿದ್ಯಾರ್ಥಿ, ಪೆನ್ನು ಕೆಳಗಿಟ್ಟು, “ಇನ್ನೊಮ್ಮೆ ವಿಚಾರ ಮಾಡ್ರಿ ಗುರುಗಳ. ಶೈಲಕ್ಕಾರ ನೌಕರಿಗೆ ಕುತ್ತ ಬರತೈತಿ. ಅವರು ದೂರು ತಿದ್ದಲಿಲ್ಲಂದ್ರ, ನಿಮ್ಮ ಮಾತ ಸುಳ್ಳಂತ ಆಗತೈತಿ” ಎಂದ. ನನ್ನ ಮಗಳು ತಿದ್ದುತ್ತಾಳೆ, ನೀನು ಬರೆ ಎಂದು ಹೇಳಿ ಸಹಿ ಮಾಡಿದೆ. ನಿನ್ನನ್ನು ಕೇಳಿರಲಿಲ್ಲ.

ಬುಧವಾರ, ೧೫ ಅಕ್ಟೋಬರ್ ೨೦೨೫, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ.