ನಿನ್ನ ಹೊಲಕ್ಕೇ ಹೋಗುವ ಹಕ್ಕಿಗಳು

ನೆಗೆಣ್ಣಿ ಗುರಮ್ಮಕ್ಕನಿಗೆ,

ನಿನಗೆ ಓದಲು ಬರುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ನಾನು ಮುಂದಿದ್ದದ್ದು ಅದೊಂದರಲ್ಲೇ, ಹಾಗಾಗಿ ಬೇಕೆಂದೇ ಪತ್ರ ಬರೆಯುತ್ತಿದ್ದೇನೆ. ಅಲ್ಲಿ ಯಾರಾದರೂ ಓದಿ ಹೇಳಲಿ. ನೀನು ಹೋಗಿ ವರ್ಷವಾಯಿತು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನನ್ನದು ಸಿಟ್ಟಲ್ಲ ಅಕ್ಕಾ, ಹೊಟ್ಟೆಕಿಚ್ಚು. ಅದನ್ನು ಇಟ್ಟುಕೊಳ್ಳಬಾರದು ಎಂದು ಯಾರೂ ಹೇಳಿಲ್ಲ.

ನಿಜಾಮಶಾಹಿ ಹೋದ ವರ್ಷವೇ ನಮ್ಮ ಮನೆಯೂ ಎರಡಾದದ್ದು ನೆನಪಿದೆಯೆ? ಅಣ್ಣತಮ್ಮಂದಿರಿಬ್ಬರೂ ಕಾಗಿಣಾ ಹೊಳೆಯ ದಂಡೆಯ ಹೊಲದ ನಡುವೆ ಬದು ಹಾಕಿದರು. ಅದೇ ಎರೆಮಣ್ಣು, ಅದೇ ಮಳೆ, ಒಂದೇ ಗಡಿಗೆಯಲ್ಲಿ ಬೂದಿ ಕಲಸಿಟ್ಟಿದ್ದ ತೊಗರಿ ಬೀಜ. ಆದರೂ ಕಾಯಿ ಕಟ್ಟುವ ಹೊತ್ತಿಗೆ ನಿನ್ನ ತೊಗರಿ ತುಂಬಿ ನಿಲ್ಲುತ್ತಿತ್ತು, ನನ್ನದನ್ನು ಹುಳ ಕೊರೆಯುತ್ತಿತ್ತು. ದೊಡ್ಡ ಸೊಸೆಯ ಕೈಗುಣ ಎಂದು ಅತ್ತೆ ದಂಡೋತಿ ಊರ ತುಂಬ ಹೇಳಿಕೊಂಡು ಬಂದರು. ನನ್ನ ಕೈಗೆ ಏನಾಗಿತ್ತು?

ಎಳ್ಳಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಿದ್ದೆವಲ್ಲ, ನನ್ನ ಹೊಟ್ಟೆ ಹೆಚ್ಚು ಉರಿಯುತ್ತಿದ್ದದ್ದು ಆಗಲೇ. ರೊಟ್ಟಿ, ಕಡುಬು, ಭಜ್ಜಿ ಕಲಸಿ ಭೂಮಿತಾಯಿಗೆಂದು ಬೆಳೆಯ ತುಂಬ ಎರಚುವುದು ಇಬ್ಬರಿಗೂ ಒಂದೇ. ಆದರೆ ನೀನು ಎರಡು ಹಿಡಿ ಚೆಲ್ಲುವುದರೊಳಗೆ ಗೊರವಂಕಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಹಿಂದೆಯೇ ಕಾಜಾಣ, ನೀಲಕಂಠ. ಚರಗ ತಿಂದು ಬಾಯಿ ರುಚಿಗೆ ತೊಗರಿಯ ಹುಳ ಹೆಕ್ಕುತ್ತಿದ್ದವು. ಒಂದು ವರ್ಷ ಹಟಕ್ಕೆ ಬಿದ್ದು ನಾನು ಬೆಲ್ಲ ಸುರಿದು ಶೇಂಗಾ ಹೋಳಿಗೆ ಮಾಡಿ ಚೆಲ್ಲಿದೆ. ಇರುವೆ ಬಂದವು. ಬಂದ ಒಂದೇ ಒಂದು ಕಾಗೆಯೂ ಹೋಳಿಗೆ ಕಚ್ಚಿಕೊಂಡು ಬದು ದಾಟಿ, ನಿನ್ನ ಬೇವಿನ ಮರದಲ್ಲಿ ಕೂತು ತಿಂದಿತು.

ಅಂದು ನೀನು ನಮ್ಮ ಜೋಳದ ನಡುವಿನ ಅಟ್ಟಣಿಗೆಯನ್ನೂ, ಅದರ ಮೇಲೆ ಕವಣೆ ಹಿಡಿದು ಹಕ್ಕಿ ಹೊಡೆಯುತ್ತಿದ್ದ ನನ್ನ ಗಂಡನನ್ನೂ ನೋಡಿ ನಕ್ಕೆ. "ಊಟಕ್ಕ ಕರದು ಬಾಗಲಾಗ ಬಡಿಗಿ ಹಿಡಕೊಂಡು ನಿಂತ್ರ ಯಾರ್ ಬರ್ತಾರ, ನೀಲವ್ವಾ?" ಎಂದೆ. ನೀನಾದರೋ ಜೋಳದ ಅಂಚಿನ ಸಾಲುಗಳನ್ನು ಹಕ್ಕಿಗಳ ಪಾಲು ಎಂದು ಬಿಟ್ಟುಕೊಡುವವಳು. ಮರುವರ್ಷ ನಾನು ಕವಣೆ ಅಡಗಿಸಿಟ್ಟೆ, ಒಡಕು ಗಡಿಗೆಯಲ್ಲಿ ನೀರಿಟ್ಟೆ. ನಿನ್ನ ಹಕ್ಕಿಗಳು ನೀರು ನನ್ನಲ್ಲಿ ಕುಡಿದು ಊಟಕ್ಕೆ ನಿನ್ನಲ್ಲಿಗೆ ಹೋದವು. ಇದಕ್ಕೇನು ಹೇಳುತ್ತೀ?

ನಿನ್ನ ಹಿತ್ತಲಿನ ನೆನಪಾದರೂ ಹೊಟ್ಟೆ ಹಾಗೆಯೇ ಉರಿಯುತ್ತದೆ. ಚಿಂಚೋಳಿ ಕಾಡಿನ ಕಡೆಯಿಂದ ಬಂದವಳು ನೀನು, ಎಸೆಯುವುದು ಎಂದರೇನೆಂದೇ ನಿನಗೆ ಗೊತ್ತಿರಲಿಲ್ಲ. ಮುಸುರೆ ಎಮ್ಮೆಗೆ, ಮೀಯುವ ನೀರು ಬಸಳೆಗೆ, ಹರಿದ ಸೀರೆ ಕೌದಿಗೆ. ನಾನು ಚಿತ್ತಾಪುರದ ಸಂತೆಯಿಂದ ವಾಸನೆಯ ಸಾಬೂನು ತಂದು ತೋರಿಸಿದರೆ, ನೀನು ಅಂಟುವಾಳ ನೆನೆಸುತ್ತ ಕೂತಿರುತ್ತಿದ್ದೆ. ಕೂದಲು ಹೊಳೆಯುತ್ತಿದ್ದದ್ದು ಮಾತ್ರ ನಿನ್ನದೇ.

ಈ ಸಲದ ಎಳ್ಳಮಾವಾಸ್ಯೆಗೆ ಬಾವನ ಕೈ ಏಳಲಿಲ್ಲ. ಎರಡೂ ಹೊಲಕ್ಕೆ ನಾನೇ ಚರಗ ಚೆಲ್ಲಿದೆ, ಮೊದಲು ನನ್ನದಕ್ಕೆ. ಇನ್ನು ಹಕ್ಕಿಗಳು ಎಲ್ಲಿಗೆ ಹೋದಾವು ಎಂದುಕೊಂಡಿದ್ದೆ. ಅವು ನನ್ನ ತಲೆಯ ಮೇಲೇ ಹಾರಿ ನಿನ್ನ ತೊಗರಿಗೆ ಇಳಿದವು. ಬದುವಿನ ಮೇಲೆ ಕೂತು ಹೆಂಟೆ ತೆಗೆದು ಬೀಸಿದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟು ಅತ್ತವಳು ನಾನೊಬ್ಬಳೇ ಇರಬೇಕು. ತಮ್ಮನ ಹೆಂಡತಿಯೊಂದಿಗೆ ಎಂದೂ ಹೆಚ್ಚು ಮಾತಾಡದ ಬಾವ ಹತ್ತಿರ ಬಂದರು.

"ಹಕ್ಕಿ ಮ್ಯಾಲ ಯಾಕ್ ಸಿಟ್ಟಾಗ್ತಿ ತಂಗಿ? ಅಕೀನೂ ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚ ಪಡ್ತಿದ್ಳು," ಎಂದರು.

ನನ್ನಲ್ಲಿ ಏನಿದೆ ಎಂದು ಕೇಳಿದೆ.

"ನಿನ್ನ ಬಾವ್ಯಾಗ ಗೂಬಿ ಅದಲ್ಲ, ಅದಕ್ಕ. ಆ ಗೂಬಿ ನಮ್ಮ ಕಡಿ ಯಾಕ್ ಬರವಲ್ದು ಅಂತ ದಿನಾ ನನ್ನ ತಲಿ ತಿಂತಿದ್ಳು."

ನನ್ನ ಪಾಲಿಗೆ ಬಂದ ಹಳೆಯ ಬಾವಿಯ ಕಲ್ಲುಸಂದಿಯಲ್ಲಿ ಒಂದು ಬಿಳಿ ಗೂಬೆ ಇದೆಯಲ್ಲ, ಅದೇ. ಅಪಶಕುನ ಎಂದು ನಾವು ಸಂದಿ ಮುಚ್ಚಲು ಹೊರಟಾಗ ನೀನು ಕೈಹಿಡಿದು ತಡೆದಿದ್ದೆ. ಅದು ಇಲಿ ಹಿಡಿಯುವುದರಿಂದಲೇ ನನ್ನ ಕಣಜ ಭದ್ರವಾಗಿತ್ತಂತೆ. ನಿನ್ನ ಜೋಳಕ್ಕೆ ಇಲಿ ಬೀಳುತ್ತಿದ್ದದ್ದನ್ನು ನೀನು ಯಾರಿಗೂ ಹೇಳಲೇ ಇಲ್ಲ! ಬೇವಿನ ಕೊಂಬೆಯಲ್ಲಿ ಅಡ್ಡಡ್ಡ ಕಟ್ಟಿದ್ದ ಹಳೆಯ ಗಡಿಗೆಯನ್ನು ಬಾವ ತೋರಿಸಿದರು. ದೃಷ್ಟಿಗೆ ಕಟ್ಟಿದ್ದು ಎಂದುಕೊಂಡಿದ್ದೆ. ಗೂಬೆಗೆಂದು ಕಟ್ಟಿದ್ದೆಯಂತೆ, ಅಳಿಲು ಬಂದು ಸಂಸಾರ ಹೂಡಿತಂತೆ. ಅಕ್ಕಾ, ನಾನು ಎಷ್ಟು ನಕ್ಕೆನೆಂದರೆ, ನನ್ನ ಇವರು ಓಡಿ ಬಂದರು. ನಗುತ್ತ ನಗುತ್ತಲೇ ಮತ್ತೆ ಅಳು ಬಂತು. ನೀನಿದ್ದಾಗಲೇ ಇದು ಗೊತ್ತಾಗಿದ್ದರೆ...

ಈಗ ಸುದ್ದಿ ಕೇಳು. ನಾವು ಹೈದರಾಬಾದು ಬಿಟ್ಟು ಮೈಸೂರಿಗೆ ಸೇರುತ್ತೇವೆ ಎಂದು ವಾಡಿ ಸ್ಟೇಶನ್ನಿನಿಂದ ಬಂದವರು ಹೇಳುತ್ತಿದ್ದಾರೆ. ಆದರೆ ನಿನಗೆ ಬೇಕಾದ ಸುದ್ದಿ ಅದಲ್ಲ. ನನ್ನ ಗೂಬೆ ಮರಿ ಮಾಡಿತು. ಬೂದಿ ಮೆತ್ತಿದಂಥ ಮೋರೆಯ ಮರಿಗಳು. ನಾನು ದಿನಾ ಬಾವಿಗೆ ಬಗ್ಗಿ ನೋಡಿ ಮೀಸೆಯಿಲ್ಲದೆಯೇ ಮೀಸೆ ತಿರುವುತ್ತಿದ್ದೆ. ನಿನ್ನೆ ಸಂಜೆ ಒಂದು ಮರಿ ಹೊರಗೆ ಹಾರಿತು. ಬದು ದಾಟಿತು, ನೇರ ನಿನ್ನ ಬೇವಿನ ಗಡಿಗೆಯೊಳಗೆ ಹೋಗಿ ಕೂತಿತು. ಕರೆದೆ, ತಿರುಗಿಯೂ ನೋಡಲಿಲ್ಲ.

ಏಣಿ ಹಾಕಿ ಇಳಿಸಲೇ ಎಂದು ಇವರು ಕೇಳಿದರು. ಬೇಡ ಎಂದೆ. ಬದುವಿನ ಆಚೆ ನಿಂತು ನೀನು ನಗುವುದನ್ನು ಒಂದು ಸಲ ನೋಡಬೇಕಿತ್ತು, ನನ್ನ ಹೊಟ್ಟೆ ಎಷ್ಟಾದರೂ ಉರಿಯಲಿ. ನಿನ್ನ ಗಡಿಗೆಗೆ ಗೂಬೆ ಬಂತು ಅಕ್ಕಾ. ನೀನೇ ಇರಲಿಲ್ಲ.

ನಿನ್ನ ಮೇಲೆ ಇನ್ನೂ ಉರಿಯುತ್ತಿರುವ,
ನೀಲವ್ವ